ಟೀಚರಮ್ಮ ಹೇಳಿದ ಮಾಲ್ಗುಡಿ

(ಬಸವನಗುಡಿಯ ಮನೆಯೊಂದರ ಮಹಡಿಯಲ್ಲಿ ತಿಂಗಳಿಗೊಮ್ಮೆ ಸೇರುವ ಓದುಗ ಗೆಳೆಯರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಮಾತಿನ ಧಾಟಿ ಮಾತ್ರ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿಗೆ ಬರುವಾಗ ನಾನು ಹತ್ತಿದ ಆಟೋದ ಹಿಂದೆ ಶಂಕರ್‌ನಾಗ್ ಚಿತ್ರವಿತ್ತು. ಇವತ್ತಿನ ಮಾತಿಗೆಂದು ನಾನು ಹುಡುಕಿ ಹತ್ತಿದ್ದಲ್ಲ, ಬೆಂಗಳೂರಿನಲ್ಲಿ ಹಾಗೆ ಹುಡುಕುವ ಅಗತ್ಯವೂ ಇಲ್ಲ. ಅವರು ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಹತ್ತಿರ ಆನಗೋಡಿನ ಬಳಿ, ರಸ್ತೆ ಅಪಘಾತದಲ್ಲಿ. ಆಗ ಅವರಿಗೆ 35 ವರ್ಷ. ಇವತ್ತು ನಾನು ಹತ್ತಿದ ಆಟೋದ ಹುಡುಗ ಆಗಿನ್ನೂ ಹುಟ್ಟಿರಲಿಲ್ಲ. 'ಶಂಕ್ರಣ್ಣನ ಯಾವ ಪಿಕ್ಚರ್ ಇಷ್ಟ?' ಅಂತ ಕೇಳಿದೆ. 'ಆಟೋ ರಾಜ' ಅಂದ. ಅದು 1980ರ ಸಿನಿಮಾ. 'ಮಾಲ್ಗುಡಿ ಡೇಸ್?' ಅಂದೆ. 'ಅದು ನಮ್ಮಮ್ಮಂದು ಸಾರ್' ಅಂದ.

ನಾನು ಇವತ್ತು ಮಾತಾಡಬೇಕಾದದ್ದು ಆ ಅಮ್ಮಂದಿರ ಸೀರಿಯಲ್ಲಿನ ಬಗ್ಗೆ. ಮೂವತ್ತೈದು ವರ್ಷಕ್ಕೂ ಮೇಲಾಯಿತು, ಇನ್ನೂ ಯಾಕೆ ನೋಡುತ್ತೀಯ ಅಂತ ಮನೆಯಲ್ಲಿ ಕೇಳುತ್ತಾರೆ. ಆ ಪ್ರಶ್ನೆಗೆ ನನ್ನ ಹತ್ತಿರ ಇರುವುದು ಒಂದು ವಠಾರದ ಕತೆ.

ನಾನು ಬೆಳೆದದ್ದು ಹನುಮಂತನಗರದ ಒಂದು ವಠಾರದಲ್ಲಿ. ಎಂಟು ಮನೆ, ಒಂದು ನಲ್ಲಿ, ಒಂದು ಟಿವಿ. ಟಿವಿ ಇದ್ದದ್ದು ಓನರ್ ಮನೆಯ ನಡುಮನೆಯಲ್ಲಿ, ಮರದ ಶಟರ್‌ನ ಒಳಗೆ. ಶಟರ್ ಎಳೆಯುವ ಹಕ್ಕು ಓನರಿನದು, ಆಂಟೆನಾ ತಿರುಗಿಸುವ ಕೆಲಸ ನಮ್ಮದು. 'ಬಂತಾ?' 'ಬರ್ಲಿಲ್ಲ.' 'ಈಗ?' 'ಬಂದು ಹೋಯ್ತು.' ಆ ಸಂಭಾಷಣೆ ಗೊತ್ತಿರುವವರು ನಗುತ್ತಿದ್ದೀರಿ, ಗೊತ್ತಿಲ್ಲದವರಿಗೆ ವಿವರಿಸಿ ಪ್ರಯೋಜನವಿಲ್ಲ.

ಸೀರಿಯಲ್ ಬಂದದ್ದು 1986-87ರ ಸುಮಾರಿಗೆ, ದೂರದರ್ಶನದಲ್ಲಿ. ಮಾಲ್ಗುಡಿ ಎಂಬ ಕಲ್ಪನೆಯ ಊರಿನ ಬಗ್ಗೆ ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ ಕತೆಗಳು, ಶಂಕರ್‌ನಾಗ್ ನಿರ್ದೇಶನ, ಟಿ.ಎಸ್. ನರಸಿಂಹನ್ ನಿರ್ಮಾಣ, ಎಸ್. ರಾಮಚಂದ್ರ ಅವರ ಕ್ಯಾಮೆರಾ. ಟೈಟಲ್ಲಿಗೆ ನಾರಾಯಣ್ ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಬರೆದ ಚಿತ್ರಗಳು. ಎಲ್. ವೈದ್ಯನಾಥನ್ ಅವರ ಆ 'ತಾನ ತನನ'. ನಟಿಸಿದವರಲ್ಲಿ ನಮಗೆ ಗೊತ್ತಿರುವ ಮುಖಗಳೇ ಹೆಚ್ಚು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ, ಮಿಠಾಯಿ ಮಾರುವ ಜಗನ್ ಆಗಿ ಅನಂತನಾಗ್. ಇಷ್ಟೆಲ್ಲ ನಮ್ಮವರು ಸೇರಿ, ನಮ್ಮ ಆಗುಂಬೆಯಲ್ಲಿ ನಿಂತು, ನಮ್ಮ ವಠಾರಕ್ಕೆ ಬಂದು ಆಡಿದ್ದು ಮಾತ್ರ ಹಿಂದಿ!

ನಮಗೆ ಹಿಂದಿ ಬರುತ್ತಿರಲಿಲ್ಲ. ಓನರಿಗೂ ಬರುತ್ತಿರಲಿಲ್ಲ, ಆದರೆ ಒಪ್ಪಿಕೊಳ್ಳುತ್ತಿರಲಿಲ್ಲ. ಬರುತ್ತಿದ್ದದ್ದು ಮೇಲ್ಮನೆಯ ಟೀಚರಮ್ಮನಿಗೆ. ಹಿಂದಿ ವಿಶಾರದ ಪಾಸು ಮಾಡಿದ್ದರು, ಅದರ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಅವರು ಬಂದು ಚಾಪೆಯ ಮುಂದಿನ ಮೂಲೆಯಲ್ಲಿ ಕೂತರೆ ನಮ್ಮ ಮಾಲ್ಗುಡಿ ಶುರು. ಕಾರ್ನಾಡರು ಬಾಯಿ ತೆರೆದರೆ ಟೀಚರಮ್ಮನ ದನಿ ಕೇಳುತ್ತಿತ್ತು: 'ಲೆಕ್ಕ ಯಾಕೋ ಮಾಡಿಲ್ಲ ಅಂತ ಕೇಳ್ತಿದಾರೆ.' ವೈಶಾಲಿ ಬಾಯಿ ತೆರೆದರೂ ಟೀಚರಮ್ಮನೇ: 'ಪಾಪ ಬಿಡೀಂದ್ರೆ ಮಗೂನ, ಅಂತಾರೆ.' ಒಂದೊಂದು ಸಲ ಪಾತ್ರ ಬಾಯಿ ತೆರೆಯುವ ಮುಂಚೆಯೇ ಅನುವಾದ ಬಂದುಬಿಡುತ್ತಿತ್ತು. ಅದು ಆಗ ನಮಗೆ ಅನುಮಾನ ತರಿಸಲಿಲ್ಲ. ವಿಶಾರದ ಎಂದರೆ ಅಷ್ಟು ಓದಿದವರು ಅಂದುಕೊಂಡೆವು.

ಮಾಲ್ಗುಡಿಯ ಬಗ್ಗೆ ಬಸವನಗುಡಿಯಲ್ಲಿ ಮಾತಾಡುವವನು ಒಂದು ವಿಷಯವನ್ನು ದಾಟಿ ಹೋಗುವಂತಿಲ್ಲ. ಮಲ್ಲೇಶ್ವರದ ತಲೆ, ಬಸವನಗುಡಿಯ ಬಾಲ ಸೇರಿ ಮಾಲ್ಗುಡಿಯಾಯಿತು ಅಂತ ನಾವು ಹೇಳಿಕೊಂಡು ಬಂದಿದ್ದೇವೆ. ಬಾಲದ ಕಡೆಯವರಾದ ನಿಮಗೆ ಅದರ ಮೇಲೆ ಹೆಚ್ಚು ಮಮತೆ. ನಾರಾಯಣ್ ತಮ್ಮ ಆತ್ಮಕತೆಯಲ್ಲಿ ಹೇಳುವುದು ಬೇರೆ. ಬೆಂಗಳೂರಿನಲ್ಲಿ ಅಜ್ಜಿಯ ಮನೆ, ಸೆಪ್ಟೆಂಬರ್ ತಿಂಗಳು, ಅಜ್ಜಿ ಆರಿಸಿಕೊಟ್ಟ ಒಳ್ಳೆಯ ದಿನ. ಹೊಸ ನೋಟ್‌ಬುಕ್ ತಂದು, ಪೆನ್ನು ಕಚ್ಚುತ್ತ ಕೂತಾಗ ಒಂದು ಪುಟ್ಟ ರೈಲ್ವೆ ಸ್ಟೇಷನ್ ಸಮೇತ ಊರು ಕಣ್ಣಮುಂದೆ ತೇಲಿಬಂತು ಅನ್ನುತ್ತಾರೆ. ಅಂದರೆ ಹುಟ್ಟಿದ್ದು ಬೆಂಗಳೂರಿನಲ್ಲೇ, ಎರಡು ಬಡಾವಣೆ ಜೋಡಿಸಿ ಮಾಡಿದ್ದಲ್ಲ. 'ಸ್ವಾಮಿ ಅಂಡ್ ಫ್ರೆಂಡ್ಸ್' ಪುಸ್ತಕವಾಗಿ ಬಂದದ್ದು 1935ರಲ್ಲಿ.

ಶಂಕರ್‌ನಾಗ್ ಮಾಡಿದ್ದನ್ನು ನೋಡಿ. ಪುಸ್ತಕದ ಮಾಲ್ಗುಡಿ ಸರಯೂ ನದಿಯ ದಂಡೆಯ ಬಯಲುಸೀಮೆಯ ಊರು, ಬಿಸಿಲಿನ ಊರು. ಅದನ್ನು ಎತ್ತಿಕೊಂಡು ಹೋಗಿ ಆಗುಂಬೆಯಲ್ಲಿ ಇಟ್ಟರು, ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಾಗದಲ್ಲಿ. ಅಲ್ಲಿನ ದೊಡ್ಡಮನೆಯ ತೊಟ್ಟಿ, ಕಂಬ, ಕೆಂಪು ಹೆಂಚು ಇವೆಲ್ಲ ಸೇರಿ ಸ್ವಾಮಿಯ ಮನೆಯಾಯಿತು. ಕಲಾ ನಿರ್ದೇಶಕ ಜಾನ್ ದೇವರಾಜ್ ರಸ್ತೆಯಲ್ಲಿ ಒಂದು ಬ್ರಿಟಿಷ್ ದೊರೆಯ ಪ್ರತಿಮೆ ನಿಲ್ಲಿಸಿದರು. ಆಗುಂಬೆಗೆ ರೈಲಿಲ್ಲವಲ್ಲ? ಅದಕ್ಕೆ ಶಿವಮೊಗ್ಗ-ತಾಳಗುಪ್ಪ ಹಾದಿಯ ಅರಸಾಳು ಸ್ಟೇಷನ್ನಿಗೆ ಹೋದರು. 2020ರಲ್ಲಿ ಆ ಹಳೇ ಸ್ಟೇಷನ್ ಕಟ್ಟಡವನ್ನು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಮನೆ ಒಂದು ಕಡೆ, ರೈಲು ಇನ್ನೊಂದು ಕಡೆ, ಹೆಸರು ಬೆಂಗಳೂರಿನಲ್ಲಿ, ಬರೆದವರು ಬದುಕಿದ್ದು ಮೈಸೂರಿನಲ್ಲಿ. ನಾನು ಎರಡು ಸಲ ಆಗುಂಬೆಗೆ ಹೋಗಿ ಮಾಲ್ಗುಡಿಯನ್ನು ಹುಡುಕಿದ್ದೇನೆ. ಮೊದಲ ಸಲ ಮಳೆ, ಎರಡನೇ ಸಲ ಜನ.

ಮುಖ್ಯ ವಿಷಯಕ್ಕೆ ಬರುತ್ತೇನೆ.

ಸುಮಾರು 2005ರಲ್ಲಿ, ನನಗೆ ಕೆಲಸ ಸಿಕ್ಕಿ, ಹಿಂದಿ ಆಫೀಸಿನ ಕ್ಯಾಂಟೀನಿನಲ್ಲಿ ತಾನಾಗಿ ಬಂದ ಮೇಲೆ, ಈ ಸೀರಿಯಲ್ಲನ್ನು ಮೊದಲಿಂದ ಕೂತು ನೋಡಿದೆ. ನೋಡಿದವನಿಗೆ ಗಾಬರಿ. ನಾನು ಚಿಕ್ಕಂದಿನಲ್ಲಿ ನೋಡಿದ್ದ ಎಷ್ಟೋ ಕೊನೆಗಳು ಅಲ್ಲಿ ಇರಲೇ ಇಲ್ಲ.

ಪೋಸ್ಟ್‌ಮ್ಯಾನ್ ತಾನಪ್ಪನ ಕತೆ ನೆನಪಿದೆಯಾ? ಒಂದು ಮನೆಯವರ ಜೊತೆ ಅವನಿಗೆ ತುಂಬ ಸಲಿಗೆ. ಆ ಮನೆಯ ಹುಡುಗಿಯ ಮದುವೆ ಅವನ ಮಾತಿನಿಂದಲೇ ಕುದುರುತ್ತದೆ. ಮುಹೂರ್ತ ಹತ್ತಿರ ಬಂದಾಗ ಆ ಮನೆಗೆ ಒಂದು ಕಾರ್ಡು ಬರುತ್ತದೆ, ಚಿಕ್ಕಪ್ಪನಿಗೆ ಸೀರಿಯಸ್ಸು ಅಂತ. ಆಮೇಲೆ ತಂತಿ, ತೀರಿಕೊಂಡರು ಅಂತ. ತಾನಪ್ಪ ಎರಡನ್ನೂ ಕೊಡದೆ ಇಟ್ಟುಕೊಳ್ಳುತ್ತಾನೆ. ಮದುವೆ ಮುಗಿದ ಮೇಲೆ ತಂದು ಕೊಟ್ಟು, ಬೇಕಾದರೆ ದೂರು ಕೊಡಿ, ನನ್ನ ಕೆಲಸ ಹೋಗುತ್ತದೆ ಅನ್ನುತ್ತಾನೆ. ಹುಡುಗಿಯ ಅಪ್ಪ ದೂರು ಕೊಡುವುದಿಲ್ಲ, ಆದರೆ ನೀನು ಹೀಗೆ ಮಾಡಬಾರದಿತ್ತು ಅನ್ನುತ್ತಾನೆ. ಅಷ್ಟೇ. ನನ್ನ ತಲೆಯಲ್ಲಿದ್ದ ಕೊನೆ ಏನು ಗೊತ್ತೆ? ಚಿಕ್ಕಪ್ಪನಿಗೆ ವಾಸಿಯಾಗುತ್ತದೆ, ಎಲ್ಲರೂ ಸೇರಿ ತಾನಪ್ಪನಿಗೆ ಲಾಡು ಕೊಡುತ್ತಾರೆ.

ಲೀಲಾ ಎಂಬ ಪುಟ್ಟ ಹುಡುಗಿ, ಅವಳನ್ನು ಆಡಿಸುವ ಕೆಲಸದ ಸಿದ್ದ. ಮಗುವಿನ ಸರ ಕಾಣೆಯಾಗುತ್ತದೆ, ಅವನು ಹಿಂದೆ ಜೈಲಿಗೆ ಹೋಗಿ ಬಂದವನೆಂದು ಗೊತ್ತಾಗುತ್ತದೆ, ಪೊಲೀಸರು ಹಿಡಿದು ತರುತ್ತಾರೆ. ಸರ ಸಿಗುವುದು ಮನೆಯ ಹುಣಸೇಹಣ್ಣಿನ ಮಡಕೆಯಲ್ಲಿ. ಅಲ್ಲಿ ಹಾಕಿದವಳು ಮಗುವೇ. ಆದರೂ ಯಜಮಾನ ಹೇಳುವುದು, ಇಂಥವನನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಸಾಧ್ಯವಿತ್ತೇ ಅಂತ. ಟೀಚರಮ್ಮನ ಸಿದ್ದ ಊರಿಗೆ ಹೋಗಿ ಗೂಡಂಗಡಿ ಇಟ್ಟಿದ್ದ. ದೊಡ್ಡವಳಾದ ಲೀಲಾ ಅಲ್ಲಿಗೆ ಹೋಗಿ ಪೆಪ್ಪರಮಿಂಟ್ ತಿಂದಿದ್ದಳು!

ಇಲ್ಲಿ ನನಗೆ ಒಂದು ಸಿಟ್ಟಿದೆ, ಹೇಳಿಬಿಡುತ್ತೇನೆ. ಮಾಲ್ಗುಡಿ ಅಂದರೆ ಈಗ ಒಂದು ತಣ್ಣನೆಯ ಭಾವ. ಹೋಂಸ್ಟೇಗೆ ಆ ಹೆಸರು, ಹೋಟೆಲ್ಲಿಗೆ ಆ ಹೆಸರು, ಒಂದು ರೈಲಿಗೂ ಆ ಹೆಸರು. ಮಳೆಯ ವಿಡಿಯೋ ಹಾಕಿ ಹಿಂದೆ 'ತಾನ ತನನ' ಬಿಟ್ಟರೆ ನಾಲ್ಕು ಜನ 'ಆ ಕಾಲವೇ ಚೆಂದ' ಅನ್ನುತ್ತಾರೆ. ಸ್ವಾಮಿ, ಆ ಕಾಲ ಸೀರಿಯಲ್ಲಿನಲ್ಲಿ ಚೆಂದವಾಗಿ ಎಲ್ಲಿದೆ? ಮೇಷ್ಟರು ಬೆತ್ತದಲ್ಲಿ ಬಾರಿಸುತ್ತಾರೆ. ತಪ್ಪು ಮಾಡದ ಆಳು ಮನೆ ಬಿಡುತ್ತಾನೆ. ಅಪ್ಪ ಪೇಪರಿನಲ್ಲಿ ಯಾವನೋ ಹುಡುಗ ಹುಲಿಯನ್ನು ಎದುರಿಸಿದ ಸುದ್ದಿ ಓದಿ, ತನ್ನ ಮಗನನ್ನು ಕತ್ತಲ ಕೋಣೆಯಲ್ಲಿ ಒಂಟಿಯಾಗಿ ಮಲಗಿಸುತ್ತಾನೆ. ಹುಡುಗ ಹೆದರಿ ಕಚ್ಚಿದ್ದು ಕಳ್ಳನ ಕಾಲಾಯಿತು, ಅದು ಅವನ ಪುಣ್ಯ. ಈ ಕತೆಗಳಲ್ಲಿ ಯಾರೂ ಪೂರ್ತಿ ಕೆಟ್ಟವರಲ್ಲ, ಆದರೂ ಯಾರಿಗೋ ಒಬ್ಬರಿಗೆ ಅನ್ಯಾಯವಾಗುತ್ತದೆ. ಸರಿಪಡಿಸುವವರು ಬರುವುದಿಲ್ಲ, ಹೆಸರುಗಳು ಮೇಲೇಳುತ್ತವೆ. ವೈದ್ಯನಾಥನ್ ಅವರ ರಾಗ ಅಷ್ಟು ಹಗುರವಾಗಿರುವುದರಿಂದ ನಾವು ಇದನ್ನು ಮರೆತೆವೋ ಏನೋ.

ಈಗ 'ತಿಂಗಳಿಗೆ ನಲವತ್ತೈದು ರೂಪಾಯಿ'. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ವೆಂಕಟರಾವ್ ಒಬ್ಬ ಗುಮಾಸ್ತ, ನಲವತ್ತು ರೂಪಾಯಿ ಸಂಬಳ. ಮಗಳು ಶಾಂತಾಳಿಗೆ ಇವತ್ತು ಸಂಜೆ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಹೇಳಿ ಬಂದಿರುತ್ತಾನೆ. ಆ ಪಾತ್ರದಲ್ಲಿ ವಿಷ್ಣುವರ್ಧನ್. ನಮ್ಮ ವಠಾರಕ್ಕೆ ಈ ಸುದ್ದಿ ಮೊದಲೇ ಮುಟ್ಟಿತ್ತು. ಅವತ್ತು ಪಕ್ಕದ ವಠಾರದ ಹುಡುಗರೂ ಬಂದಿದ್ದರು, ಕಿಟಕಿಯಲ್ಲೂ ತಲೆಗಳು. 'ಸಾಹಸಸಿಂಹ' ಬಂದು ಐದು ವರ್ಷವೂ ಆಗಿಲ್ಲ, ನಮಗೆ ಅವರು ಬೇರೇನಾಗಿಯೂ ಗೊತ್ತಿಲ್ಲ. ಆಫೀಸಿನ ಸಾಹೇಬ ಕೆಲಸದ ಮೇಲೆ ಕೆಲಸ ಹೇರುತ್ತಾನೆ, ಸಂಜೆಯಾಗುತ್ತಿದೆ, ಬಿಡುತ್ತಿಲ್ಲ. 'ಈಗ ಹೊಡೀತಾರೆ' ಅಂದ ಒಬ್ಬ. 'ತಡಿ, ಬಿಲ್ಡಪ್ಪು' ಅಂದ ಇನ್ನೊಬ್ಬ. ವಿಷ್ಣು ರಾಜೀನಾಮೆ ಕಾಗದ ಬರೆದರು. ನಾವೆಲ್ಲ ಮೊಣಕಾಲ ಮೇಲೆ ಎದ್ದೆವು. ಸಾಹೇಬ ಹೇಳಿದ, ನಿನಗೆ ಸಂಬಳ ಜಾಸ್ತಿ ಮಾಡಲು ಶಿಫಾರಸು ಮಾಡಿದ್ದೇನೆ, ಇನ್ನು ನಲವತ್ತೈದು. ವಿಷ್ಣು ಕಾಗದವನ್ನು ವಾಪಸ್ ತೆಗೆದುಕೊಂಡರು. ಒಂದು ಏಟೂ ಬೀಳಲಿಲ್ಲ! ಕಿಟಕಿಯ ತಲೆಗಳು ಬೈಯುತ್ತ ಹೋದವು.

ಮನೆಗೆ ಬರುವ ಹೊತ್ತಿಗೆ ರಾತ್ರಿ. ಮಗು ಹೊರಡಲು ಹಾಕಿಕೊಂಡ ಒಳ್ಳೆಯ ಬಟ್ಟೆಯಲ್ಲೇ ನಿದ್ದೆಹೋಗಿದೆ. ಅವಳನ್ನು ಹೊರಗೆ ಕರೆದುಕೊಂಡು ಹೋಗುವುದು ಇನ್ನು ಆಗುವ ಮಾತೇ ಅಲ್ಲ ಅಂತ ಅವನಿಗೆ ಗೊತ್ತಾಗುತ್ತದೆ, ಏಕೆಂದರೆ ಸಂಬಳ ಜಾಸ್ತಿಯಾಗಿದೆ. ಟೀಚರಮ್ಮ ಒಂದು ಕ್ಷಣ ಸುಮ್ಮನಿದ್ದು ಹೇಳಿದರು: 'ನಾಳೆ ಭಾನುವಾರ ಅಲ್ವಾ, ನಾಳೆ ಕರ್ಕೊಂಡು ಹೋಗ್ತಾನಂತೆ.'

2019ರ ಕಾರ್ತಿಕದ ಕೊನೆಯ ಸೋಮವಾರ. ನಿಮ್ಮದೇ ಕಡಲೆಕಾಯಿ ಪರಿಷೆ, ಇಲ್ಲಿಂದ ಹತ್ತು ನಿಮಿಷ ನಡೆದರೆ ದೊಡ್ಡ ಬಸವಣ್ಣ. ಮಗಳಿಗೆ ಐದು ವರ್ಷ. ಸಂಜೆ ಆರಕ್ಕೆ ಬರುತ್ತೇನೆ, ಗಿರಗಿಟ್ಲೆ ಕೊಡಿಸುತ್ತೇನೆ ಅಂದಿದ್ದೆ. ಆಫೀಸು ಹೊರವರ್ತುಲ ರಸ್ತೆಯಲ್ಲಿ. ಐದೂವರೆಗೆ ಒಂದು ಕಾಲ್ ಬಂತು, ಹತ್ತೇ ನಿಮಿಷ ಅಂದರು. ಆ ಕಡೆಯವರಿಗೆ ಆಗಷ್ಟೇ ಬೆಳಗಾಗುತ್ತಿತ್ತು, ಉತ್ಸಾಹ ಜಾಸ್ತಿ. ಸಿಲ್ಕ್ ಬೋರ್ಡಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಮನೆ ಮುಟ್ಟಿದಾಗ ಹತ್ತೂವರೆ. ಸೋಫಾದ ಮೇಲೆ ಶೂ ಹಾಕಿಕೊಂಡೇ ಮಲಗಿದ್ದಳು, ಕಡಲೆಕಾಯಿ ತುಂಬಿಸಿಕೊಳ್ಳಲು ಇಟ್ಟುಕೊಂಡ ಬಟ್ಟೆಚೀಲ ಕೈಯಲ್ಲಿ. ನಾನು ಅಲ್ಲೇ ನೆಲದ ಮೇಲೆ ಕೂತೆ. ವಿಷ್ಣುವರ್ಧನ್ ನೆನಪಾದರು ಅಂದರೆ ಸಿನಿಮೀಯ ಅನ್ನುತ್ತೀರಿ. ನೆನಪಾದದ್ದು ಅವರ ಹೆಗಲು. ಆಳೆತ್ತರದ ಮನುಷ್ಯ, ಅಷ್ಟು ಸಿನಿಮಾಗಳಲ್ಲಿ ಎದೆಯುಬ್ಬಿಸಿ ನಿಂತವರು, ಆ ಗುಮಾಸ್ತನಿಗಾಗಿ ಹೆಗಲನ್ನು ಎಷ್ಟು ಕೆಳಗೆ ಬಿಟ್ಟಿದ್ದರು ಅಂತ ಅವತ್ತು ಗೊತ್ತಾಯಿತು. ಒಂಬತ್ತು ವರ್ಷದ ನನಗೆ ಅವರು ಹೊಡೆಯದೇ ಹೋದದ್ದು ಮಾತ್ರ ಕಂಡಿತ್ತು. ವೆಂಕಟರಾವಿಗೆ ಐದು ರೂಪಾಯಿಯಾದರೂ ಸಿಕ್ಕಿತು, ನನಗೆ ಆ ವರ್ಷ ಇನ್‌ಕ್ರಿಮೆಂಟೂ ಇರಲಿಲ್ಲ.

'ನಾಳೆ ಕರ್ಕೊಂಡು ಹೋಗ್ತಾನಂತೆ' ಎಂಬ ಮಾತು ಅವತ್ತು ಕಿವಿಯಲ್ಲಿ ಕೇಳಿಸಿತು. ಅದು ಸೀರಿಯಲ್ಲಿನಲ್ಲಿ ಇಲ್ಲ ಅಂತ ಗೊತ್ತಿತ್ತು, ಆದರೂ ಅವತ್ತು ನನಗೆ ಬೇಕಾಗಿದ್ದದ್ದು ಅದೇ. ಮರುದಿನ ಹೋದೆವು. ಪುಣ್ಯಕ್ಕೆ ಪರಿಷೆ ಒಂದೇ ದಿನಕ್ಕೆ ಮುಗಿಯುವುದಿಲ್ಲ.

ಹಾಗಾಗಿ ನನ್ನ ತಲೆಯಲ್ಲಿ ಎರಡು ಮಾಲ್ಗುಡಿ ಓಡುತ್ತವೆ. ಶಂಕರ್‌ನಾಗ್ ಕೊಟ್ಟಿದ್ದು ಕೇಳುತ್ತದೆ, ಟೀಚರಮ್ಮ ಕೊಟ್ಟಿದ್ದು ಹೇಳುತ್ತದೆ. ತಾನಪ್ಪ ಮಾಡಿದ್ದು ಸರಿಯೇ? ಇಪ್ಪತ್ತೇಳರಲ್ಲಿ ಸರಿ ಅನ್ನಿಸಿತ್ತು. ನನ್ನಪ್ಪ ಆಸ್ಪತ್ರೆಯಲ್ಲಿದ್ದಾಗ, ನನಗೆ ಪರೀಕ್ಷೆಯೋ ಇನ್ನೇನೋ ಇದೆಯೆಂದು ತಮ್ಮ ಎರಡು ದಿನ ಫೋನ್ ಮಾಡದೇ ಇದ್ದ ಮೇಲೆ ಸರಿ ಅನ್ನಿಸಲಿಲ್ಲ. ಈಗ ತಮ್ಮನ ಮುಖ ನೋಡಿದರೆ ಮತ್ತೆ ಗೊತ್ತಾಗುವುದಿಲ್ಲ. ಕತೆ ಉತ್ತರ ಹೇಳಿಬಿಟ್ಟಿದ್ದರೆ ನಾನು ಎಂದೋ ಅದನ್ನು ಪಾಸು ಮಾಡಿ ಮುಂದೆ ಹೋಗುತ್ತಿದ್ದೆ.

2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದಲ್ಲಿ ಇನ್ನೂ 15 ಕಂತು ಬಂದವು, ಮೊದಲಿನ 39 ಸೇರಿ 54 ಆದವು. ಅವನ್ನು ನಾನು ಬೇಕಾದಷ್ಟು ಮನಸ್ಸಿಟ್ಟು ನೋಡಲಿಲ್ಲ. ತಪ್ಪು ನನ್ನದು, ವಠಾರ ಇರಲಿಲ್ಲ. 2020ರ ಲಾಕ್‌ಡೌನಿನಲ್ಲಿ ಜೀ ಕನ್ನಡದಲ್ಲಿ ಕನ್ನಡ ದನಿಯಲ್ಲೇ ಬಂತು. ಹುರುಪಿನಿಂದ ಕೂತೆ. ಸ್ವಾಮಿ ಕನ್ನಡ ಆಡಿದ. ಚೆನ್ನಾಗಿತ್ತು. ಆದರೆ ನನ್ನ ಕಿವಿ ಇನ್ನೊಂದು ದನಿಗಾಗಿ ಕಾಯುತ್ತಿತ್ತು, ಅದು ಬರಲಿಲ್ಲ.

ಟೀಚರಮ್ಮನನ್ನು ಹುಡುಕಿಕೊಂಡು ಹೋದದ್ದು 2012ರಲ್ಲಿ. ವಠಾರ ಒಡೆದು, ಕೆಳಗೆ ಕಾರು ನಿಲ್ಲುವ ಅಪಾರ್ಟ್‌ಮೆಂಟ್ ಎದ್ದಿತ್ತು. ಅವರು ವಿಜಯನಗರದಲ್ಲಿ ಮಗನ ಮನೆಯಲ್ಲಿದ್ದರು. ಕಾಫಿ ಕೊಟ್ಟರು, ಸಕ್ಕರೆ ಎರಡು ಸಲ ಹಾಕಿದ್ದರು. ನಾನು ಪಟ್ಟಿ ಮಾಡಿಕೊಂಡು ಹೋಗಿದ್ದೆ: ಚಿಕ್ಕಪ್ಪ, ಸಿದ್ದನ ಅಂಗಡಿ, ಭಾನುವಾರದ ಸಿನಿಮಾ. ಯಾಕೆ ಟೀಚರಮ್ಮ ಬದಲಾಯಿಸಿದಿರಿ ಅಂದೆ. ತುಂಬ ಹೊತ್ತು ನಕ್ಕರು.

'ಅಯ್ಯೋ, ಪರೀಕ್ಷೆಗೆ ಓದಿದ ಹಿಂದೀನೇ ಬೇರೆ ಕಣೋ, ಟಿವೀಲಿ ಬರೋ ಹಿಂದೀನೇ ಬೇರೆ. ಅರ್ಧಕ್ಕರ್ಧ ನಂಗೇ ಅರ್ಥ ಆಗ್ತಿರ್ಲಿಲ್ಲ. ಕಟ್ಟಿ ಹೇಳ್ತಿದ್ದೆ.'

'ಕೊನೇದು?'

'ಕೊನೇದು ಅರ್ಥ ಆಗ್ತಿತ್ತು,' ಅಂದರು. 'ಎಂಟು ಮನೆ ಮಕ್ಕಳು ಬಾಯಿ ಬಿಟ್ಕೊಂಡು ಕೂತಿರ್ತಿದ್ರಿ. ಹಾಗೇ ಹೋಗಿ ಮಲಗಿ ಅನ್ನಕ್ಕಾಗತ್ತಾ?'

ಕಳೆದ ತಿಂಗಳು ಮಗಳ ಜೊತೆ ಸ್ವಾಮಿಯ ಕೊನೆಯ ಕಂತು ನೋಡಿದೆ. ರಾಜಂ ಊರು ಬಿಟ್ಟು ಹೋಗುತ್ತಿದ್ದಾನೆ, ಸ್ವಾಮಿಯ ಮೇಲೆ ಮುನಿಸು ಇನ್ನೂ ಇಳಿದಿಲ್ಲ. ಕೊಡಬೇಕೆಂದು ತಂದ ಪುಸ್ತಕ ಹಿಡಿದು ಸ್ವಾಮಿ ಚಲಿಸುವ ರೈಲಿನ ಪಕ್ಕ ಓಡುತ್ತಾನೆ. ಕಾದಂಬರಿಯಲ್ಲಿ ರಾಜಂ ಏನೋ ಹೇಳುತ್ತಾನೆ, ಅದು ಗಾಡಿಯ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಕ್ಷಮಿಸಿದನೋ ಇಲ್ಲವೋ ಸ್ವಾಮಿಗೆ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ.

'ಆಮೇಲೆ?' ಅಂದಳು.

'ಮುಂದಿನ ವಾರ ವಾಪಸ್ ಬರ್ತಾನೆ' ಅಂದೆ. ಬಾಯಿಗೆ ತಾನಾಗಿಯೇ ಬಂತು, 1987ರ ಆ ಸಂಜೆ ಟೀಚರಮ್ಮ ನಮಗೆ ಹೇಳಿದ್ದು ಅದನ್ನೇ.

ಅವಳು ಫೋನು ಕಿತ್ತುಕೊಂಡು ಕಂತುಗಳ ಪಟ್ಟಿಯನ್ನು ಕೆಳಗಿನವರೆಗೂ ಎಳೆದು ನೋಡಿದಳು. 'ಎಲ್ಲೂ ಇಲ್ವಲ್ಲಪ್ಪ' ಅಂದಳು. ಒಂದು ಕ್ಷಣ ನನ್ನ ಮುಖ ನೋಡಿ, ರೈಲು ಹೊರಡುವ ಜಾಗಕ್ಕೆ ಮತ್ತೆ ಹಿಂದೆ ಹೋದಳು. 'ಅವನೇನು ಹೇಳ್ದ ಅಂತ ಸರಿಯಾಗಿ ಕೇಳೋಣ ಇರು' ಅಂತ ವಾಲ್ಯೂಮ್ ಪೂರ್ತಿ ಏರಿಸಿದಳು.

ರೈಲಿನ ಸದ್ದೂ ಅಷ್ಟೇ ಜೋರಾಯಿತು.